ಇಪ್ಪತ್ತೈದು ರೊಟ್ಟಿಯ ಆಟ

ಕೈ ಕೆಸರಾದರೆ ಮೊಬೈಲು ಒರೆಸು. ಗಾದೆ ಹೀಗಿಲ್ಲವೆಂದು ನನಗೂ ಗೊತ್ತು. ಆದರೆ ಗಾದೆ ಕಟ್ಟಿದವರ ಕಾಲಕ್ಕೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿಗೊಟ್ಟು ಕೂರುವ ಮೊಬೈಲು ಇರಲಿಲ್ಲ. ಇದು ನಮ್ಮ ಮನೆಯಲ್ಲಿ ನಡೆದದ್ದು, ಖರೆ. ಸುಳ್ಳು ಏನಿದ್ದರೂ ನಡೆದದ್ದರ ಒಳಗಿತ್ತು, ಹೇಳುವುದರಲ್ಲಿ ಇಲ್ಲ.

ಸಂಕ್ರಾಂತಿಯಾಗಿ ನಾಲ್ಕು ದಿನಕ್ಕೆ ನಮ್ಮವ್ವ ಸುಶೀಲವ್ವನಿಗೆ ಲಕ್ವ ಹೊಡೆಯಿತು. ಬಲಗಾಲು ತಿಂಗಳೊಳಗೆ ಮರಳಿತು. ಬಾಯಿ ಒಂದು ಕಡೆಗೆ ಸ್ವಲ್ಪ ಜಗ್ಗಿದಂತೆ ಉಳಿಯಿತು. ಬಲಗೈ ಮಾತ್ರ ಬರಲಿಲ್ಲ. ಯಾರೋ ಇಟ್ಟು ಮರೆತು ಹೋದ ಸಾಮಾನಿನಂತೆ ಅದು ಅವಳ ತೊಡೆಯ ಮೇಲೆ ಬಿದ್ದಿರುತ್ತಿತ್ತು. "ಹೆಂಗ ಐತಿ ಕೈ?" ಎಂದು ಕೇಳಿದರೆ "ಜೋಮು" ಎನ್ನುತ್ತಿದ್ದಳು. ಬರಬರುತ್ತ ಅದನ್ನೂ ಅನ್ನುವುದು ಬಿಟ್ಟಳು. ಮನೆಗೂ ಆ ಜೋಮು ಹತ್ತಿತು. ಟೀವಿ ಹಚ್ಚಿರುತ್ತಿದ್ದೆವು, ಸಪ್ಪಳ ಇರುತ್ತಿರಲಿಲ್ಲ. ಉಂಡೇಳುತ್ತಿದ್ದೆವು, ಏನು ಉಂಡಿರಿ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮನೆಯಲ್ಲಿ ನಾವು ಐದು ಮಂದಿ. ಅಪ್ಪ ಕರಬಸಪ್ಪ ಗೋವಿನಜೋಳ ಬೆಳೆಯುತ್ತಾನೆ, ಮಾತಿನ ಬದಲು ಕೆಮ್ಮುತ್ತಾನೆ. ಅಣ್ಣ ಚನ್ನೇಶನದು ಬಸ್‌ಸ್ಟ್ಯಾಂಡಿನ ಎದುರು ಗೊಬ್ಬರದ ಅಂಗಡಿ. ಮನೆಯಲ್ಲಿ ಜಗಳ ಶುರುವಾದ ಕೂಡಲೇ ಅವನಿಗೆ ಅಂಗಡಿ ನೆನಪಾಗುತ್ತದೆ. ಅವನ ಹೆಂಡತಿ, ನಮ್ಮ ವೈನಿ ಸುಧಾರಾಣಿ, ಶಿಗ್ಗಾಂವಿ ಕಡೆಯ ಹಿರೇಬೆಂಡಿಗೇರಿಯವಳು. ಗಣಿತದಲ್ಲಿ ಡಿಗ್ರಿ, ಮೇಲೆ ಬಿ.ಎಡ್. ಇನ್ನು ನಾನು, ಪ್ರಶಾಂತ. ಹೆಸರಿಗೂ ನನಗೂ ಆಗಿಬರುವುದಿಲ್ಲ. ಬಿಸಿಎ ಮುಗಿಸಿ, ಮನೆಯಲ್ಲೇ ಕೂತು, ಒಂದು ಸಣ್ಣ ಕಂಪನಿಗೆ ಮಕ್ಕಳ ಮೊಬೈಲ್ ಆಟ ಮಾಡಿಕೊಡುತ್ತೇನೆ. ಆಟದ ದನಿಗಳೂ ನನ್ನವೇ. ಎಮ್ಮೆ, ಕುಕ್ಕರು, ಬಸ್ ಕಂಡಕ್ಟರ್, ಅಪ್ಪನ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಅಪ್ಪ ಇದನ್ನು ಉದ್ಯೋಗವೆಂದು ಒಪ್ಪಿಲ್ಲ. "ಓದಿಸಿದ್ದು ಬಿಸಿಎ, ಒದರೂದು ಬೆಕ್ಕಿನಂಗ" ಎನ್ನುತ್ತಾನೆ.

ಅವ್ವನಿಗೆ ಮೂರು ಹೊತ್ತು ಉಣಿಸುವುದು ವೈನಿಯ ಪಾಲಿಗೆ ಬಂತು. ಎಡಗೈ ಗಟ್ಟಿಯಾಗಿಯೇ ಇತ್ತು. ಹಿರೇಕೆರೂರಿನಿಂದ ವಾರಕ್ಕೊಮ್ಮೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಸಾಯಿಮಾ ಮೇಡಂ ಮೊದಲ ವಾರವೇ ಹೇಳಿದ್ದರು.

"ಎಡಗೈಲೆ ಉಣ್ರಿ ಅಮ್ಮಾರ. ಅದಕ್ಕೇನ ಆಗೇತಿ?"

ಅವ್ವ ಬೇಡವೆಂದು ತಲೆ ಅಲ್ಲಾಡಿಸಿದಳು. ಅಪ್ಪ ಕೆಮ್ಮಿದ.

"ಎಡಗೈ ತುತ್ತು ನಮ್ಮ ಮನ್ಯಾಗ ಇಲ್ರಿ ಮೇಡಂ. ತೊಳಕೊಳ್ಳೂ ಕೈಲೆ ಉಣ್ಣೂದಂದ್ರ ಹೆಂಗ? ಉಣಸಾಕ ಸೊಸಿ ಅದಾಳಲ್ಲ."

ಇದ್ದಳು. ತೊಡಕಾದದ್ದೇ ಅದು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ, ಅವ್ವನ ಬಾಯಿಗೆ ರೊಟ್ಟಿ ಹಾಲು ಕಲಸಿ ಹಾಕುತ್ತ, ವೈನಿ ತಟ್ಟೆಯನ್ನೇ ನೋಡಿಕೊಂಡು ಹೇಳಿದಳು.

"ಮಾವಾರ, ಹಿರೇಕೆರೂರ ಕಡೆ ಹೈಸ್ಕೂಲಿಂದ ಫೋನ್ ಬಂದಿತ್ರಿ. ಗಣಿತಕ್ಕ ಅತಿಥಿ ಶಿಕ್ಷಕಿ ಬೇಕಂತ. ಶಾಲಿ ಚಾಲೂ ಆದ ಕೂಡ್ಲೆ ಬರ್ರಿ ಅಂದಾರ."

"ಅತಿಥಿ ಅಂದ್ರ ನಾಕ ದಿನ ಇದ್ದು ಹೋಗಾಕಿ. ಅದಕ್ಕೇನ ಹೋಗ್ತಿ?"

"ಮೂರು ವರ್ಷ ಮನ್ಯಾಗ ಕುಂತೇನ್ರಿ. ಈ ಸಲ ಬರಂಗಿಲ್ಲ ಅಂದ್ರ ಮತ್ತ ಕರಿಯಂಗಿಲ್ಲ."

"ನಿಮ್ಮತ್ತಿಗೆ ಉಣಸಾಕ ನಾ ಕುಂದರಲಾ?"

"ಅಂಗಡ್ಯಾಗ ಲೋಡ್ ಇಳಸೂದೈತಿ," ಎಂದು ಅಣ್ಣ ಎದ್ದ. ಲೋಡ್ ಬಂದಿರಲಿಲ್ಲ.

"ಕುಂದರ್ರಿ ನೀವು," ಎಂದಳು ವೈನಿ. ಅಣ್ಣ ನಿಂತಲ್ಲೇ ನಿಂತ. ಕೂರಲೂ ಇಲ್ಲ, ಹೋಗಲೂ ಇಲ್ಲ.

"ಹೇಳ್ರಿ ಏನರ. ನಿಮ್ಮ ಅಪ್ಪಾರಿಗೆ ಹೇಳ್ರಿ."

"ಅಪ್ಪ ಹೇಳಾಕತ್ತಾನಲ್ಲ," ಎಂದ ಅಣ್ಣ.

ಅಪ್ಪ ತಟ್ಟೆಯಲ್ಲೇ ಕೈ ತೊಳೆದ. "ಆಕಿ ತನ್ನ ಕೈಲೆ ತಾ ಉಂಡ ದಿವಸ ನೀ ಹೋಗು ಸುಧಾ. ನಾ ಬ್ಯಾಡ ಅನ್ನಂಗಿಲ್ಲ. ಮಾತು ಅಂದ್ರ ಮಾತು."

ವೈನಿ ಅವ್ವನ ಗಲ್ಲದ ಮೇಲೆ ಸುರಿದಿದ್ದ ಹಾಲು ಒರೆಸಿದಳು. "ಬಾಯಿ ತಗೀರಿ ಅತ್ತೀ," ಎಂದಳು. ಅವ್ವ ಬಾಯಿ ತೆಗೆದಳು.

ಆ ದಿನದಿಂದ ಮನೆಯಲ್ಲಿ ಎಲ್ಲರ ಕಣ್ಣೂ ಆ ಒಂದು ಕೈಯ ಮೇಲೆ. ಜೂನಿನೊಳಗೆ ಅದು ಏಳಬೇಕು, ಇಲ್ಲವಾದರೆ ವೈನಿಗೆ ಅಡುಗೆಮನೆಯೇ ಹೈಸ್ಕೂಲು.

ಸಾಯಿಮಾ ಮೇಡಂ ಕೊಟ್ಟಿದ್ದ ರಬ್ಬರಿನ ಚೆಂಡನ್ನು ಅವ್ವ ಮುಟ್ಟುತ್ತಿರಲಿಲ್ಲ. ಚೆಂಡು ಅವಳಿಗೆ ಅರ್ಥವಾಗದ ವಸ್ತು, ನಲವತ್ತು ವರ್ಷ ಅವಳ ಅಂಗೈ ಬಲ್ಲದ್ದು ರೊಟ್ಟಿಯನ್ನು. ಹಾಗಾಗಿ ಯುಗಾದಿಯ ಹೊತ್ತಿಗೆ ನಾನು ಒಂದು ಆಟ ಮಾಡಿದೆ. ಅವ್ವನ ಮುಂದೆ ಒಂದು ಮಣೆ, ಪಕ್ಕದಲ್ಲಿ ಒಂದು ಹಳೆಯ ಮೊಬೈಲು. ಅಂಗೈಯಿಂದ ಮಣೆ ಬಡಿದರೆ ಮೊಬೈಲು ಸಪ್ಪಳ ಕೇಳಿಸಿಕೊಂಡು ಟೀವಿಗೆ ಕಳಿಸುತ್ತದೆ. ಟೀವಿಯಲ್ಲಿ ಒಂದು ಹಿಟ್ಟಿನ ಉಂಡೆ. ಬಡಿದಂತೆಲ್ಲ ಉಂಡೆ ಅಗಲವಾಗುತ್ತದೆ. ಒಂದೇ ಲಯದಲ್ಲಿ ಇಪ್ಪತ್ತು ಏಟು ಬಿದ್ದರೆ ಒಂದು ರೊಟ್ಟಿ, ಒಂದು ಅಂಕ. ಬಡಿಯುವುದು ನಿಂತರೆ ರೊಟ್ಟಿಯ ಅಂಚು ಸೀಳಿ ಕಾಗೆ ಬರುತ್ತದೆ, ಅಪ್ಪನ ದನಿ ಬೈಯುತ್ತದೆ. ರೊಟ್ಟಿ ದುಂಡಗಾದರೆ ಬಸ್ ಕಂಡಕ್ಟರ್ ಹೊಗಳುತ್ತಾನೆ. ಎರಡೂ ನಾನೇ.

ಮೊದಲ ದಿನ ಎಲ್ಲರೂ ಟೀವಿಯ ಮುಂದೆ ಕೂತೆವು. ಅವ್ವ ಮಣೆಯ ಮೇಲೆ ಕೈ ಇಟ್ಟಳು. ಮೂರು ಸೆಕೆಂಡು ಆಯಿತು.

"ಏನ ಸುಶೀಲಾ, ಹಿಟ್ಟು ಹುಳಿ ಬರೂತನಾ ಕುಂದರಾಕೇನ?" ಎಂದಿತು ಟೀವಿ.

ಅಪ್ಪ ಬೆಚ್ಚಿ ಗೋಡೆಯ ಕಡೆ ನೋಡಿದ. "ನಾ ಯಾವಾಗ ಅಂದ್ನೆಲೇ ಹಂಗ?"

"ದಿನಾ ಅಂತೀಯಲ್ಲಪ್ಪಾ."

ವೈನಿ ಸೆರಗು ಬಾಯಿಗಿಟ್ಟುಕೊಂಡಳು. ಅವ್ವ ನಗಲಿಲ್ಲ. "ನೀವೆಲ್ಲಾ ಮುಂದ ಕುಂತ್ರ ನಾ ಆಡಂಗಿಲ್ಲ," ಎಂದಳು. ಅವಳ ಮಾತು ಆಗ ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಬರುತ್ತಿತ್ತು. "ಮುಂಜಾನೆ ಆರಕ್ಕ, ಯಾರೂ ಇಲ್ದಾಗ ಆಡ್ತೇನಿ."

ನ್ಯಾಯವೇ. ಆರು ಗಂಟೆಗೆ ಅಪ್ಪ ಹೊಲದಲ್ಲಿ, ಅಣ್ಣ ಬಚ್ಚಲಲ್ಲಿ, ನಾನು ನಿದ್ದೆಯಲ್ಲಿ. ವೈನಿ ಒಬ್ಬಳೇ ಗೋಡೆಯಾಚೆ ಅಡುಗೆಮನೆಯ ಕಡಪಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಅವ್ವನ ಮಂಚ ಆ ಗೋಡೆಗೇ ಹತ್ತಿಕೊಂಡಿತ್ತು, ನಡುವೆ ಕದವಿಲ್ಲದ ಬಾಗಿಲು. ಎಡಗೈಯ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರೆ ಆಟ ಚಾಲೂ ಆಗುವಂತೆ ಮಾಡಿಕೊಟ್ಟೆ. ಎಂಟಕ್ಕೆ ಎದ್ದು ಸ್ಕೋರು ನೋಡುವುದು ನನ್ನ ಕೆಲಸ.

ಮೊದಲ ನಾಲ್ಕು ದಿನ ಸೊನ್ನೆ.

ಆಟದಲ್ಲಿ 'ಕಿವಿ' ಎಂದು ಏರಿಸಿ ಇಳಿಸುವ ಒಂದು ಗುಂಡಿ ಇಟ್ಟಿದ್ದೆ. ಒಂದರಿಂದ ಹತ್ತರವರೆಗೆ. ಕಿವಿ ಏರಿಸಿದಷ್ಟೂ ಮೊಬೈಲಿಗೆ ಸಣ್ಣ ಸಪ್ಪಳವೂ ಕೇಳಿಸುತ್ತದೆ. ಅವ್ವನ ಕೈ ಸೋತಿದೆ, ಪಾಪ, ಮೊಬೈಲೇ ಸ್ವಲ್ಪ ಬಗ್ಗಿ ಕೇಳಲಿ ಎಂದು ಮೂರಕ್ಕೆ ಏರಿಸಿದೆ. ಮರುದಿನ ಎರಡು ರೊಟ್ಟಿ. ಐದಕ್ಕೆ ಏರಿಸಿದೆ. ಏಳು ರೊಟ್ಟಿ. ಏಳಕ್ಕೆ ಏರಿಸಿದೆ. ಹದಿಮೂರು. ನನಗೆ ಇದು ಅವ್ವನ ಕೈ ಏರುತ್ತಿರುವ ಲೆಕ್ಕವಾಗಿ ಕಂಡಿತು. ನಾನು ಕಂಪ್ಯೂಟರ್ ಓದಿದವನು. ಏನನ್ನು ಏರಿಸಿದರೆ ಏನು ಏರುತ್ತದೆ ಎಂದು ಯೋಚಿಸುವಷ್ಟು ಓದಿರಲಿಲ್ಲ.

ಅಪ್ಪನಿಗೆ ತೋರಿಸಿದೆ.

"ಹದಿಮೂರು? ಖರೇನ?"

"ಮಷೀನ್ ಸುಳ್ಳ ಹೇಳಂಗಿಲ್ಲಪ್ಪಾ."

ಅಪ್ಪ ಅವ್ವನ ಕೈ ನೋಡಿದ, ಅವಳ ಮುಖ ನೋಡಿದ. "ಬಡಿದಿ?"

"ಆತು ನೋಡ್ರಿ," ಎಂದಳು ಅವ್ವ, ಟೀವಿಯ ಕಡೆ ಗಲ್ಲ ತೋರಿಸಿ.

"ಅಪ್ಪಾ," ಎಂದೆ ನಾನು, ಬಿಸಿ ಇರುವಾಗಲೇ ಬಡಿಯಬೇಕೆಂದು. "ಉಣ್ಣೂ ಕೈ ಬರಾಕ ಬಡಿಯೂ ಕೈ ಬರಬೇಕಲ್ಲ. ವೈನಿ ಹೋಗಾಕ ಒಂದು ನಂಬರ್ ಹೇಳಿಬಿಡು."

ಅಪ್ಪ ಬಹಳ ಹೊತ್ತು ಕೆಮ್ಮಿದ. "ಮನಿಗೆ ದಿನಾ ಬೇಕಾಗೂದು ಇಪ್ಪತ್ತೈದು ರೊಟ್ಟಿ. ಅಷ್ಟು ಬಡದ್ಲಂದ್ರ ಆಕಿ ಕೈ ಬಂದಂಗ. ಸುಧಾ ಹೋಗಲಿ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸಪ್ಪಳ ನಿಂತಿತು, ಮತ್ತೆ ಶುರುವಾಯಿತು.

ಏಪ್ರಿಲ್ ಹಾಗೇ ಹೋಯಿತು. ವೈನಿ ಆರಕ್ಕೆ ರೊಟ್ಟಿ, ಎಂಟಕ್ಕೆ ಅವ್ವನ ನಾಷ್ಟಾ, ಒಂದಕ್ಕೆ ಊಟ, ನಡುವೆ ಬಟ್ಟೆ, ದನದ ಅಂಬಲಿ, ಮಧ್ಯಾಹ್ನ ಒಂಬತ್ತನೆಯ ಇಯತ್ತೆಯ ಗಣಿತದ ಪುಸ್ತಕ. ಒಂದು ಸೋಮವಾರ ಕಳೆ ತೆಗೆಯಲು ಆಳು ಬಂದಿದ್ದರು. ಅವತ್ತು ಅವ್ವನ ಸ್ಕೋರು ಇಪ್ಪತ್ತೆರಡಕ್ಕೆ ಜಿಗಿಯಿತು. "ಮಂದಿ ಬಂದ್ರ ಅವ್ವಗ ಹುರುಪು," ಎಂದೆ ನಾನು. ಅಮಾವಾಸ್ಯೆಯ ದಿನ ಸೊನ್ನೆ. ಅವತ್ತು ಮನೆಯಲ್ಲಿ ಹೋಳಿಗೆ.

"ಯಾಕವಾ, ಇವತ್ತ ಆಡಲಿಲ್ಲೇನ?"

"ಅಮಾಸಿ ಅಲ್ಲೇನೋ. ಕೈಗೂ ಸೂಟಿ."

ಇದನ್ನು ನಾನು ಕಂಪನಿಯವರಿಗೆ ಜೋಕು ಎಂದು ಬರೆದು ಕಳಿಸಿದೆ. ಅವರೂ ನಕ್ಕರು.

ಮೇ ಮೊದಲ ವಾರ ಅವ್ವನ ಬಲಗೈಯ ಕಿರುಬೆರಳ ಬದಿಗೆ ಬೊಬ್ಬೆ ಎದ್ದಿತ್ತು. ಉಣಿಸುವಾಗ ವೈನಿ ಕಂಡಳು.

"ಅತ್ತೀ, ಇದೇನ್ರಿ?"

ಅವ್ವನೂ ಆಗಷ್ಟೇ ನೋಡಿದ್ದು. ಸುಮ್ಮನೆ ನೋಡಿದಳು, ಬೇರೆಯವರ ಕೈಯನ್ನು ನೋಡಿದಂತೆ.

"ಬಡಿದೂ ಬಡಿದೂ ಎದ್ದೈತಿ," ಎಂದೆ ನಾನು. "ಇದಕ್ಕ ಪ್ರಾಕ್ಟೀಸ್ ಅಂತಾರ ವೈನಿ."

ವೈನಿ ಕೊಬ್ಬರಿ ಎಣ್ಣೆ ಸವರಿದಳು. ಅವ್ವ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆ ವಾರ ಸಾಯಿಮಾ ಮೇಡಂ ಬಂದಾಗ ಸ್ಕೋರು ತೋರಿಸಿದೆ. ಅವರು ಅವ್ವನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಟ್ಟರು, ಬೆರಳು ಬಿಟ್ಟಲ್ಲೇ ಇದ್ದವು. ಅವ್ವನ ಮುಖ ನೋಡಿದರು. ಅವ್ವ ಅವರ ಮುಖ ನೋಡಿದಳು.

"ಆಟ ಭಾಳ ಚಲೋ ಮಾಡೀರಿ ಪ್ರಶಾಂತ," ಎಂದಷ್ಟೇ ಹೇಳಿ ಚಹಾ ಕುಡಿದು ಹೋದರು. ಮೇಡಂಗೆ ಗೇಮಿನ ವಿಷಯ ಅಷ್ಟಾಗಿ ತಿಳಿಯುವುದಿಲ್ಲ ಎಂದುಕೊಂಡೆ.

ಮೇ ಇಪ್ಪತ್ತಕ್ಕೆ ಕಿವಿಯನ್ನು ಹತ್ತಕ್ಕೆ ಏರಿಸಿದೆ. ಮರುದಿನ ಬೆಳಿಗ್ಗೆ ಸರಿಯಾಗಿ ಇಪ್ಪತ್ತೈದು.

ಅಪ್ಪ ಟೀವಿಯ ಹತ್ತಿರ ಹೋಗಿ ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. "ಹಂಗಾರ ಉಣ್ಣು ಸುಶೀಲಾ. ಉಂಡು ತೋರಸು."

"ಸುಧಾ ಕೆಲಸಕ್ಕ ಹೋದ ದಿನ ಉಣ್ತೇನಿ," ಎಂದಳು ಅವ್ವ. "ಮಂದಿ ಮುಂದ ಪರೀಕ್ಷೆ ಕುಂದರಂಗಿಲ್ಲ. ನೀವು ನಂಬರ್ ಹೇಳಿದ್ರಿ, ನಂಬರ್ ಆತು."

ಅಪ್ಪ ಕೊಟ್ಟ ಮಾತಿಗೆ ನಿಲ್ಲುವ ಮನುಷ್ಯ. ಕೆಮ್ಮಿ ಒಪ್ಪಿದ. ಅಣ್ಣ ಅವತ್ತು ಅಂಗಡಿಯಿಂದ ಬರುವಾಗ ಪೇಡೆ ತಂದ, ಆದರೆ ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಫ್ರಿಜ್ಜಿನ ಮೇಲಿಟ್ಟ.

ಶಾಲೆ ಸೇರುವ ಹಿಂದಿನ ಎರಡು ದಿನ ವೈನಿ ಒಂದು ವಾರಕ್ಕಾಗುವಷ್ಟು ಕಟಕ ರೊಟ್ಟಿ ಮಾಡಿದಳು. ತೆಳ್ಳಗೆ ಬಡಿದು, ಹಂಚಿನ ಮೇಲೆ ಗರಿಗರಿಯಾಗಿ ಒಣಗಿಸಿ, ಗೋಪುರದಂತೆ ಒಟ್ಟಿ ಬಿಳಿ ಬಟ್ಟೆ ಮುಚ್ಚಿದಳು. ಆ ಎರಡು ದಿನ ಅವ್ವನ ಸ್ಕೋರು ಎಂಬತ್ತೊಂದು, ತೊಂಬತ್ನಾಲ್ಕು. ಅದರ ಫೋಟೋ ತೆಗೆದು ಕಂಪನಿಗೆ ಕಳಿಸಿದೆ. ಅವರು, ನಿಮ್ಮ ತಾಯಿ ಆಡುವ ವೀಡಿಯೋ ಬೇಕು, ಇಂಥ ಆಟ ಬೇರೆ ಮನೆಗಳಿಗೂ ಕೊಡೋಣ ಎಂದರು.

ಜೂನ್ ಎರಡು. ವೈನಿ ಇಸ್ತ್ರಿ ಮಾಡಿದ ಸೀರೆಯುಟ್ಟು, ಅವ್ವನ ತಟ್ಟೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿ ಮಂಚದ ಮೇಲೆ ಇಟ್ಟಳು.

"ಅತ್ತೀ, ಉಣ್ತೀರಲ್ಲ?"

"ಹೋಗು. ಬಸ್ ಬರ್ತೈತಿ."

ಅಣ್ಣ ಅವಳನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ಅಂದು ಅವ್ವ ಆಟವನ್ನು ತಡವಾಗಿ ಹಚ್ಚಿದ್ದಳು. ನಾನು ಕದ್ದು ವೀಡಿಯೋ ಮಾಡಲೆಂದು ಬಾಗಿಲ ಮರೆಯಲ್ಲಿ ನಿಂತೆ. ಟೀವಿಯಲ್ಲಿ ಹಿಟ್ಟಿನ ಉಂಡೆ. ಅವ್ವ ಅದನ್ನು ನೋಡುತ್ತ ಕೂತಿದ್ದಳು. ಕೈ ತೊಡೆಯ ಮೇಲೆ. ಕಾಗೆ ಬಂದು ಹೋಯಿತು, ಅಪ್ಪನ ದನಿ ಬೈದು ಮುಗಿಸಿತು. ಅವ್ವ ಧಾರಾವಾಹಿ ನೋಡುವವಳಂತೆ ನೋಡುತ್ತಲೇ ಇದ್ದಳು. ಎರಡು ನಿಮಿಷವಾಯಿತು. ಸೊನ್ನೆ.

ಒಳಗೆ ಹೋದೆ. ಮೊಬೈಲು ನೋಡಿದೆ, ಕಿವಿ ಹತ್ತರಲ್ಲೇ ಇತ್ತು.

"ಬಡಿಯವಾ."

"ಬಡಿಯಾಕಿ ಹೋದ್ಲಲ್ಲೋ," ಎಂದಳು.

"ಯಾರು?"

"ಸುಧಾ."

ಹೊಲದಿಂದ ಬಂದ ಅಪ್ಪ ಹೊಸ್ತಿಲಲ್ಲಿ ನಿಂತಿದ್ದ. ನನಗಿಂತ ಮೊದಲು ಅವನಿಗೆ ತಿಳಿಯಿತು. ಅಡುಗೆಮನೆಯ ಬಾಗಿಲ ಕಡೆ ನೋಡಿದ, ಗೋಡೆ ನೋಡಿದ, ಮೊಬೈಲು ನೋಡಿದ.

"ಮೊದಲ ನಾಕ ದಿನ ನಾನೂ ಬಡಿದೆ," ಎಂದಳು ಅವ್ವ. "ಎಡಗೈಲೆ ಈ ಕೈ ಎತ್ತಿ ಮಣಿ ಮ್ಯಾಲೆ ಹಾಕಿದೆ. ನಿನ್ನ ಮೊಬೈಲಿಗೆ ಕೇಳಲಿಲ್ಲ. ಆಮ್ಯಾಲೆ ನೀ ಕಿವಿ ಏರಿಸಿದಿ. ಒಳಗ ಆಕಿ ಬಡಿಯಾಕತ್ತಿದ್ಲು, ಇಲ್ಲಿ ಟೀವ್ಯಾಗ ರೊಟ್ಟಿ ಆತು. ನಾ ಸುಮ್ಮನ ಕುಂತೆ."

"ಆ ಬೊಬ್ಬಿ?"

"ಬಿಸಿ ಚಹಾದ ಗಿಲಾಸಿಗೆ ಕೈ ಹತ್ತಿತ್ತು. ನನಗ ಗೊತ್ತಾಗಲಿಲ್ಲ." ಸ್ವಲ್ಪ ತಡೆದು ಹೇಳಿದಳು. "ಈ ಕೈ ಇನ್ನ ಬರಂಗಿಲ್ಲ ಅಂತ ಮೇಡಂ ನಿನ್ನ ಆಟಕ್ಕಿಂತ ಮೊದಲ ಹೇಳ್ಯಾಳ. ಮನ್ಯಾಗ ಹೇಳಬ್ಯಾಡ ಅಂದಿದ್ದೆ."

ಟೀವಿಯಲ್ಲಿ ಕಾಗೆ ಮತ್ತೆ ಬಂತು.

"ಸುಧಾಗ ಗೊತ್ತೈತಿ?" ಎಂದ ಅಪ್ಪ.

"ಇಲ್ಲ. ಆಕಿ ತನ್ನಷ್ಟಕ್ಕ ತಾ ಬಡದಾಳ."

"ಮೋಸ ಇದು."

"ಹೌದ್ರಿ."

"ಪ್ರಶಾಂತ, ಚನ್ನೇಶಗ ಫೋನ್ ಹಚ್ಚು. ಬಸ್ ಇನ್ನೂ ಬಂದಿಲ್ಲ. ಹಂಗ ಬೈಕ್ ಮ್ಯಾಲೆ ಕರಕೊಂಬರ್ಲಿ."

ಫೋನ್ ನನ್ನ ಕೈಯಲ್ಲೇ ಇತ್ತು, ವೀಡಿಯೋ ಇನ್ನೂ ಓಡುತ್ತಿತ್ತು. ವೀಡಿಯೋ ನಿಲ್ಲಿಸಿ ಅಣ್ಣನ ಹೆಸರು ತೆಗೆದೆ. ಹೆಬ್ಬೆರಳು ಅದರ ಮೇಲಿತ್ತು.

ಅವ್ವ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಎಡಗೈಯಿಂದ.

"ಸುಶೀಲಾ," ಎಂದ ಅಪ್ಪ.

"ಮದಿವ್ಯಾದಾಗಿಂದ ದಿನಾ ಪೂಜಿ ಮಾಡೇನಿ. ಕೊರಳಾಗಿನ ಲಿಂಗ ಯಾವ ಕೈಯಾಗ ಇಟಗೊಂಡು ಮಾಡೇನ್ರಿ?"

ಎಡಗೈಯಲ್ಲೇ ಎಂದು ಅಪ್ಪನಿಗೂ ಗೊತ್ತು. ಪೂಜೆಗೆ ಅವನದೂ ಅದೇ ಕೈ.

"ದೇವರ ಕುಂದರೂ ಕೈಯಾಗ ಒಂದು ತುಣಕ ರೊಟ್ಟಿ ಕುಂದರಬಾರದ?" ಎಂದಳು. "ಮೊದಲಽ ಉಣಬೇಕಿತ್ತು. ಧೈರ್ಯ ಬರಲಿಲ್ಲ. ಆಕಿ ಇದ್ರ ಬಾಯಿ ತಕ್ಕೊಂಡು ಕುಂತಽ ಇರ್ತಿದ್ದೆ. ಈಗ ಆಕಿ ಇಲ್ಲ, ಹಸಿವಿ ಆಗೇತಿ."

ಕಟಕ ರೊಟ್ಟಿಯನ್ನು ಎಡಗೈಯಲ್ಲಿ ಮುರಿದಳು. ಕಟಕ್ ಎಂದಿತು. ಟೀವಿಯಲ್ಲಿ ಹಿಟ್ಟಿನ ಉಂಡೆ ಸ್ವಲ್ಪ ಅಗಲವಾಯಿತು.

ಕಿವಿ ಹತ್ತರಲ್ಲಿತ್ತಲ್ಲ. ಅವ್ವ ಮತ್ತೊಂದು ತುಂಡು ಮುರಿದಳು, ಉಂಡೆ ಮತ್ತೂ ಅಗಲವಾಯಿತು. ಚಟ್ನಿ ಹಚ್ಚಿ ಬಾಯಿಗಿಟ್ಟು ಅಗಿಯತೊಡಗಿದಳು. ಜಗ್ಗಿದ ಬಾಯಿಯಾದರೂ ಹಲ್ಲು ಗಟ್ಟಿ. ಕರಮ್ ಕರಮ್ ಕರಮ್, ಒಂದೇ ಲಯ. ಟೀವಿಯ ರೊಟ್ಟಿ ಅಗಿದಂತೆಲ್ಲ ಬೆಳೆಯುತ್ತ, ದುಂಡಗಾಗುತ್ತ, ಪೂರ್ಣಚಂದ್ರನಂತೆ ನಿಂತಿತು. ಸ್ಕೋರು ಒಂದು.

"ಭಾರಿ ಬಡದ್ರಿ ಅಕ್ಕಾರ," ಎಂದ ಕಂಡಕ್ಟರ್, ನನ್ನ ದನಿಯಲ್ಲಿ. "ಹಿಂಗ ಕೈ ಆಡಸಗೋಂತ ಮುಂದ ಬರ್ರಿ."

ಅವ್ವನ ಬಾಯಿ ಒಂದು ಕಡೆಗೆ ಹರಿಯಿತು. ಚಟ್ನಿ ಗಲ್ಲದ ಮೇಲೆ ಸುರಿಯಿತು. ಜನವರಿಯ ನಂತರ ಅವಳು ನಕ್ಕದ್ದು ಅದೇ ಮೊದಲು, ಅರ್ಧ ಮುಖದಿಂದ. ಅಪ್ಪ ಕೆಮ್ಮಿದ. ಆಮೇಲೆ ಅದು ಕೆಮ್ಮಲ್ಲವೆಂದು ತಿಳಿಯಿತು. ಅವನು ಮಂಚದ ತುದಿಗೆ ಕೂತು, ಮೊಸರಿನ ಬಟ್ಟಲನ್ನು ಅವಳ ಎಡಗೈಯ ಹತ್ತಿರಕ್ಕೆ ಸರಿಸಿಟ್ಟ.

ಆಚೆ ರಸ್ತೆಯಲ್ಲಿ ಹಿರೇಕೆರೂರಿನ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು.

ಫೋನನ್ನು ಟೀವಿಯ ಪಕ್ಕ ಇಟ್ಟೆ. ಎರಡು ತಿಂಗಳು, ಹತ್ತು ಕಿವಿ, ತೊಂಬತ್ನಾಲ್ಕು ರೊಟ್ಟಿ, ಕಂಪನಿಗೆ ಕಳಿಸಿದ ಫೋಟೋ. ನನಗೂ ನಗು ಬಂತು. ಯಾರ ದನಿಯೂ ಅಲ್ಲ ಅದು, ನನ್ನದೇ. ಗೋಡೆ ಹಿಡಿದುಕೊಂಡು ನಕ್ಕೆ, ಕೂತು ನಕ್ಕೆ. ಅಪ್ಪ, ಅವ್ವ ಇಬ್ಬರೂ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಟೀವಿಯಲ್ಲಿ ನನ್ನ ಒಂದೊಂದು ನಗೆಗೂ ಒಂದೊಂದು ಏಟು ಬೀಳುತ್ತ, ಎರಡನೆಯ ರೊಟ್ಟಿ ಆಗುತ್ತಿತ್ತು.